ಎರಡು ಪಟ್ಟಿಗಳ ನಡುವೆ ಕಾಣೆಯಾದ ಹೆಣ್ಣು

(ಇತಿಹಾಸ ವಿಭಾಗವೊಂದರ ಓದುಕೂಟದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಮಾಡಿದ ಭಾಷಣ)



ಜನಾಂಗಭೇದ ಮತ್ತು ಲಿಂಗಭೇದ ಎಂಬ ವಿಷಯದ ಅಡಿಯಲ್ಲಿ ಈ ಬಾರಿ ನಮಗೆ ಓದಲು ಗೊತ್ತುಮಾಡಿದ್ದು ನಾಲ್ಕು ಬರಹಗಳು. ನಾಲ್ಕೂ ಅಮೆರಿಕಕ್ಕೆ ಸೇರಿದವು. ಮೊದಲನೆಯದು, ಗುಲಾಮಗಿರಿಯಿಂದ ತಪ್ಪಿಸಿಕೊಂಡ ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ಪ್ರಕಟಿಸಿದ ಆತ್ಮಕಥೆ. ಎರಡನೆಯದು, ಸೊಜರ್ನರ್ ಟ್ರೂತ್ 1851ರಲ್ಲಿ ಮಾಡಿದ ಒಂದು ಭಾಷಣದ ಎರಡು ಬೇರೆ ಬೇರೆ ವರದಿಗಳು. ಮೂರನೆಯದು, ಪಾಲಿ ಮರ್ರಿ ಅವರು ಮೇರಿ ಈಸ್ಟ್‌ವುಡ್ ಅವರೊಡನೆ 1965ರಲ್ಲಿ ಬರೆದ ಕಾನೂನು ಲೇಖನ. ನಾಲ್ಕನೆಯದು, ಕಿಂಬರ್ಲೆ ಕ್ರೆನ್‌ಶಾ ಅವರ 1989ರ ಪ್ರಬಂಧ.

ಈ ಓದಿನ ಮೇಲೆ ಚರ್ಚೆ ಆರಂಭವಾದ ದಿನ ತರಗತಿಯಲ್ಲಿ ಒಂದು ಪ್ರಶ್ನೆ ಎದ್ದಿತು. ಅಮೆರಿಕದ ಕಪ್ಪು ಹೆಣ್ಣಿಗೆ ಹೆಚ್ಚು ಅನ್ಯಾಯವಾದದ್ದು ಕಪ್ಪು ಬಣ್ಣದಿಂದಲೇ, ಹೆಣ್ಣಾದುದರಿಂದಲೇ? ತಕ್ಕಡಿಯ ಎರಡು ತಟ್ಟೆಗಳಲ್ಲಿ ಎರಡನ್ನೂ ಇಟ್ಟು ತೂಗಿ ನೋಡುವ ಪ್ರಶ್ನೆ ಇದು. ಸಹಜವಾದ ಪ್ರಶ್ನೆಯೇ. ಆದರೆ ನಮ್ಮ ನಾಲ್ಕು ಬರಹಗಳಲ್ಲಿ ಒಂದೂ ಇದಕ್ಕೆ ಉತ್ತರ ಕೊಡುವುದಿಲ್ಲ. ಎರಡನ್ನೂ ಬೇರೆ ಮಾಡಿ ತೂಗಲು ಹೊರಟಾಗಲೇ ಆ ಹೆಣ್ಣು ನಮ್ಮ ಕಣ್ಣಿಂದ ಜಾರಿಹೋಗುತ್ತಾಳೆ ಎಂಬುದನ್ನು ಅವು ತೋರಿಸುತ್ತವೆ. ನಾನು ಇಂದು ಹೇಳಹೊರಟಿರುವುದು ಇಷ್ಟನ್ನೇ.

ತಾಯಿಯ ಸ್ಥಿತಿಯೇ ಮಗುವಿನ ಸ್ಥಿತಿ

ಜೇಕಬ್ಸ್ ಆತ್ಮಕಥೆ ಅರ್ಥವಾಗಬೇಕಾದರೆ ಅದಕ್ಕೂ ಸುಮಾರು ಇನ್ನೂರು ವರ್ಷ ಹಿಂದಿನ ಒಂದು ಕಾಯಿದೆಯನ್ನು ತಿಳಿದಿರಬೇಕು. ಆಗ ವರ್ಜೀನಿಯಾ ಇಂಗ್ಲಿಷರ ವಸಾಹತು. ಇಂಗ್ಲಿಷ್ ಸಂಪ್ರದಾಯದಲ್ಲಿ ಮಗುವಿನ ಅಂತಸ್ತು ತಂದೆಯಿಂದ ಬರತಕ್ಕದ್ದು. ಎಲಿಜಬೆತ್ ಕೀ ಎಂಬಾಕೆಯ ತಂದೆ ಇಂಗ್ಲಿಷ್ ಮನುಷ್ಯ, ತಾಯಿ ಆಫ್ರಿಕದವಳು. ಆಕೆ ನ್ಯಾಯಾಲಯಕ್ಕೆ ಹೋಗಿ 1656ರಲ್ಲಿ ತನ್ನ ಬಿಡುಗಡೆಯನ್ನು ಪಡೆದುಕೊಂಡಳು. ಆರು ವರ್ಷಗಳ ನಂತರ, 1662ರಲ್ಲಿ, ವರ್ಜೀನಿಯಾದ ಶಾಸನಸಭೆ ಹೊಸ ಕಾಯಿದೆ ಮಾಡಿತು. ಅದರ ಪ್ರಕಾರ ಅಲ್ಲಿ ಹುಟ್ಟಿದ ಮಗು ಗುಲಾಮನೋ ಸ್ವತಂತ್ರನೋ ಎಂಬುದು ತಾಯಿಯ ಸ್ಥಿತಿಯಿಂದ ಮಾತ್ರ ನಿರ್ಧಾರವಾಗತಕ್ಕದ್ದು. ಇದೇ ನಿಯಮ ಮುಂದೆ ಇತರ ವಸಾಹತುಗಳಿಗೂ, ಅನಂತರ ದಕ್ಷಿಣದ ರಾಜ್ಯಗಳಿಗೂ ಹಬ್ಬಿತು.

ಈ ಒಂದು ವಾಕ್ಯದ ಪರಿಣಾಮ ಏನೆಂಬುದನ್ನು ಯೋಚಿಸಿ. ಒಡೆಯನೇ ಗುಲಾಮ ಹೆಣ್ಣಿನ ಮೇಲೆ ಬಲಾತ್ಕಾರ ಮಾಡಿದರೂ ಹುಟ್ಟಿದ ಮಗುವಿಗೆ ಅವನು ಕಾನೂನಿನ ದೃಷ್ಟಿಯಲ್ಲಿ ತಂದೆಯಲ್ಲ, ಮಾಲೀಕ. ಅಪರಾಧ ಅವನ ಆಸ್ತಿಯನ್ನು ಹೆಚ್ಚಿಸಿತು. 1808ರಿಂದ ಹೊರದೇಶದಿಂದ ಗುಲಾಮರನ್ನು ತರುವುದನ್ನು ಅಮೆರಿಕ ನಿಷೇಧಿಸಿತು. ಆದರೂ 1810ರ ಜನಗಣತಿಯಲ್ಲಿ ಸುಮಾರು 11.9 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ ಸುಮಾರು 39.5 ಲಕ್ಷವಾಯಿತು. ಹಡಗುಗಳು ತಂದು ಸುರಿದದ್ದಲ್ಲ ಇದು. ಬಹುಪಾಲು ಗುಲಾಮ ಹೆಂಗಸರ ಹೆರಿಗೆಗಳಿಂದ ಬೆಳೆದ ಸಂಖ್ಯೆ. ಈ ಕಾಯಿದೆಯನ್ನು ಜನಾಂಗಭೇದದ ಕಾಯಿದೆ ಎನ್ನೋಣವೇ, ಲಿಂಗಭೇದದ ಕಾಯಿದೆ ಎನ್ನೋಣವೇ? ಎರಡನ್ನೂ ಒಂದೇ ದಾರದಲ್ಲಿ ಹೆಣೆದು ಮಾಡಿದ ಕಾಯಿದೆ ಅದು. ಒಂದು ಎಳೆಯನ್ನು ಬಿಡಿಸಿದರೆ ಇನ್ನೊಂದು ನಿಲ್ಲುವುದಿಲ್ಲ.

ಜೇಕಬ್ಸ್ ಹುಟ್ಟಿದ್ದು 1813ರಲ್ಲಿ, ಉತ್ತರ ಕೆರೊಲಿನಾದ ಈಡೆಂಟನ್ ಪಟ್ಟಣದಲ್ಲಿ. ಹದಿಹರೆಯಕ್ಕೆ ಬಂದಾಗಿನಿಂದ ಮನೆಯ ಯಜಮಾನ, ಒಬ್ಬ ವೈದ್ಯ, ಆಕೆಯ ಬೆನ್ನು ಹತ್ತಿದ. ಅವನಿಂದ ಪಾರಾಗಲು ಆಕೆ ಇನ್ನೊಬ್ಬ ಬಿಳಿಯನ ಸಂಬಂಧವನ್ನು ಆರಿಸಿಕೊಂಡಳು. ಇಬ್ಬರು ಮಕ್ಕಳಾದರು. ಆ ಮಕ್ಕಳ ತಂದೆ ವಕೀಲ, ಮುಂದೆ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದವನು. ಆದರೂ ಮಕ್ಕಳು ಹುಟ್ಟಿದ್ದು ವೈದ್ಯನ ಮನೆಯ ಸ್ವತ್ತಾಗಿ. ಏಕೆಂದರೆ ತಾಯಿ ಆ ಮನೆಯ ಸ್ವತ್ತು.

1835ರಲ್ಲಿ ಆಕೆ ತಲೆಮರೆಸಿಕೊಂಡಳು. ಅಡಗಿಕೊಂಡದ್ದು ದೂರದಲ್ಲೆಲ್ಲೂ ಅಲ್ಲ, ಸ್ವತಂತ್ರಳಾಗಿದ್ದ ಅಜ್ಜಿಯ ಮನೆಯ ಮಾಡಿನ ಕೆಳಗೆ. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಅತಿ ಎತ್ತರದ ಕಡೆ ಮೂರು ಅಡಿ ಇದ್ದ ಗೂಡು ಅದು. ಎದ್ದು ನಿಲ್ಲುವಂತಿಲ್ಲ. ಹಲಗೆಯಲ್ಲಿ ಕೊರೆದ ಕಿಂಡಿಯಿಂದ ಕೆಳಗೆ ಆಡುವ ಮಕ್ಕಳನ್ನು ನೋಡುತ್ತಾ, ಅವರನ್ನು ಕರೆಯಲಾರದೆ, ಆಕೆ ಅಲ್ಲಿ ಕಳೆದದ್ದು ಹೆಚ್ಚುಕಡಿಮೆ ಏಳು ವರ್ಷ. 1842ರಲ್ಲಿ ಉತ್ತರಕ್ಕೆ ಪಾರಾದಳು.

ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಅಡಗುತಾಣದ ಸಾಹಸಕ್ಕಿಂತ ಹೆಚ್ಚಾಗಿ, ಆಕೆ ಓದುಗರೊಡನೆ ನಡೆಸುವ ಒಂದು ವಾದ. ಆಕೆಯ ಓದುಗರು ಉತ್ತರದ ಬಿಳಿಯ ಗೃಹಿಣಿಯರು. ಅವರ ಕಾಲದ ನೀತಿಯಲ್ಲಿ ಹೆಣ್ಣಿಗೆ ಶೀಲವೇ ಎಲ್ಲಕ್ಕಿಂತ ದೊಡ್ಡದು. ಜೇಕಬ್ಸ್ ಅವರಿಗೆ ವಿನಯದಿಂದಲೇ ಹೇಳುತ್ತಾಳೆ: ತನ್ನ ದೇಹದ ಮೇಲೆ ಕಾನೂನಿನ ಹಕ್ಕೇ ಇಲ್ಲದ ಹೆಣ್ಣನ್ನು, ಹಕ್ಕಿರುವ ಹೆಣ್ಣಿನ ಅಳತೆಗೋಲಿನಿಂದ ಅಳೆಯಬಾರದು. ಹೆಣ್ಣು ಎಂಬ ಪದದೊಳಗೆ ಆ ಕಾಲ ಯಾರನ್ನು ಇಟ್ಟುಕೊಂಡಿತ್ತು, ಯಾರನ್ನು ಹೊರಗಿಟ್ಟಿತ್ತು ಎಂಬುದನ್ನು ಈ ಮಾತು ಬಯಲು ಮಾಡುತ್ತದೆ.

ಪುಸ್ತಕಕ್ಕೂ ಅದೇ ಗತಿ ಬಂತು. ಜೇಕಬ್ಸ್ ಬೇರೆ ಹೆಸರಿನಲ್ಲಿ ಬರೆದಿದ್ದಳು. ಸಂಪಾದಕಿಯಾಗಿ ಲಿಡಿಯಾ ಮಾರಿಯಾ ಚೈಲ್ಡ್ ಎಂಬ ಬಿಳಿಯ ಲೇಖಕಿಯ ಹೆಸರಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಬಹುಕಾಲ ವಿದ್ವಾಂಸರು ಇದನ್ನು ಕಾದಂಬರಿ ಎಂದೇ ಎಣಿಸಿದ್ದರು. ಜೀನ್ ಫೇಗನ್ ಯೆಲಿನ್ ಎಂಬ ವಿದುಷಿ ಪತ್ರಗಳನ್ನೂ ದಾಖಲೆಗಳನ್ನೂ ಹುಡುಕಿ, ಇದು ಜೇಕಬ್ಸ್ ತಾನೇ ಬರೆದ ನಿಜ ಜೀವನದ ಕಥೆ ಎಂದು ಸ್ಥಾಪಿಸಿ, 1987ರಲ್ಲಿ ಹೊಸ ಆವೃತ್ತಿಯನ್ನು ತಂದರು. ನೂರಿಪ್ಪತ್ತಾರು ವರ್ಷ ಬೇಕಾಯಿತು.

ಒಂದು ಭಾಷಣ, ಎರಡು ವರದಿ

ಎರಡನೆಯ ಓದು ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಒಳ್ಳೆಯ ಅಭ್ಯಾಸ. ಸೊಜರ್ನರ್ ಟ್ರೂತ್ ಹುಟ್ಟಿದ್ದು ಸುಮಾರು 1797ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ, ಗುಲಾಮಳಾಗಿ. ಆಕೆಯ ಮೊದಲ ಭಾಷೆ ಡಚ್. 1826ರಲ್ಲಿ ಎಳೆಯ ಮಗಳನ್ನು ಎತ್ತಿಕೊಂಡು ಒಡೆಯನ ಮನೆ ಬಿಟ್ಟು ನಡೆದಳು. ಕಾನೂನಿಗೆ ವಿರುದ್ಧವಾಗಿ ಅಲಬಾಮಾಕ್ಕೆ ಮಾರಲ್ಪಟ್ಟಿದ್ದ ಪುಟ್ಟ ಮಗನಿಗಾಗಿ ನ್ಯಾಯಾಲಯ ಹತ್ತಿ, 1828ರಲ್ಲಿ ಅವನನ್ನು ಹಿಂದಕ್ಕೆ ಪಡೆದಳು. ಓದುಬರಹ ಬಾರದ ಈ ಹೆಣ್ಣು 1851ರ ಮೇ ತಿಂಗಳಲ್ಲಿ ಒಹಾಯೋದ ಏಕ್ರನ್ ಊರಿನ ಮಹಿಳಾ ಹಕ್ಕುಗಳ ಸಮಾವೇಶದಲ್ಲಿ ಮಾತಾಡಿದಳು.

ಆ ಮಾತಿನ ವರದಿ ಮುಂದಿನ ತಿಂಗಳೇ ಗುಲಾಮಗಿರಿ ವಿರೋಧಿ ಪತ್ರಿಕೆಯೊಂದರಲ್ಲಿ ಬಂತು. ಬರೆದವನು ಆಕೆಯನ್ನು ಬಲ್ಲ ಸಂಪಾದಕ ಮೇರಿಯಸ್ ರಾಬಿನ್‌ಸನ್. ಹನ್ನೆರಡು ವರ್ಷ ಕಳೆದ ಮೇಲೆ, 1863ರಲ್ಲಿ, ಆ ಸಮಾವೇಶದ ಅಧ್ಯಕ್ಷೆಯಾಗಿದ್ದ ಫ್ರಾನ್ಸಿಸ್ ಗೇಜ್ ತನ್ನ ನೆನಪಿನಿಂದ ಇನ್ನೊಂದು ವರದಿ ಬರೆದಳು. ಜಗತ್ತು ಇಂದು ಬಲ್ಲದ್ದು ಈ ಎರಡನೆಯದನ್ನು. ತಾನೂ ಹೆಣ್ಣಲ್ಲವೇ ಎಂದು ಟ್ರೂತ್ ಮತ್ತೆ ಮತ್ತೆ ಕೇಳುವುದು ಇದರಲ್ಲೇ. ಮೊದಲ ವರದಿಯಲ್ಲಿ ಆ ಪ್ರಶ್ನೆಯೇ ಇಲ್ಲ. ಗೇಜ್ ವರದಿಯಲ್ಲಿ ಟ್ರೂತ್ ದಕ್ಷಿಣದ ಗುಲಾಮರ ಆಡುನುಡಿಯಲ್ಲಿ ಮಾತಾಡುತ್ತಾಳೆ. ಆಕೆಯೋ ಉತ್ತರದಲ್ಲಿ, ಡಚ್ ಆಡುವ ಮನೆಗಳಲ್ಲಿ ಬೆಳೆದವಳು. ಗೇಜ್ ವರದಿಯಲ್ಲಿ ಆಕೆಗೆ ಹದಿಮೂರು ಮಕ್ಕಳು, ನಿಜದಲ್ಲಿ ಐವರು.

ಗೇಜ್ ದುರುದ್ದೇಶದಿಂದ ಹೀಗೆ ಬರೆದಳೆಂದು ಹೇಳಲು ಆಧಾರವಿಲ್ಲ. ಆಕೆ ಟ್ರೂತ್‌ಳನ್ನು ಮೆಚ್ಚಿಯೇ ಬರೆದದ್ದು. ಆದರೆ ಮೆಚ್ಚುವವರೂ ತಮ್ಮ ಮನಸ್ಸಿನಲ್ಲಿ ಮೊದಲೇ ಇದ್ದ ಅಚ್ಚಿಗೆ ಒಬ್ಬಳನ್ನು ಎರಕ ಹೊಯ್ಯಬಲ್ಲರು. ಕಪ್ಪು ಹೆಣ್ಣು ಎಂದರೆ ದಕ್ಷಿಣದವಳು, ಹೀಗೆಯೇ ಮಾತಾಡುವವಳು, ಇಷ್ಟು ಮಕ್ಕಳನ್ನು ಹೆತ್ತವಳು ಎಂಬ ಅಚ್ಚು ಅದು. ಟ್ರೂತ್‌ಳ ಪರವಾಗಿ ಬರೆದ ವರದಿಯಲ್ಲೇ ಟ್ರೂತ್‌ಳ ದನಿ ಮರೆಯಾಯಿತು.

ಎರಡು ಬಾಗಿಲುಗಳು

ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಮತದಾನದ ಹಕ್ಕಿನ ಪ್ರಶ್ನೆ ಬಂತು. ಜನಾಂಗದ ಕಾರಣಕ್ಕೆ ಮತ ನಿರಾಕರಿಸಬಾರದೆಂಬ 15ನೆಯ ತಿದ್ದುಪಡಿ 1870ರಲ್ಲಿ ಜಾರಿಗೆ ಬಂತು. ಅದರಲ್ಲಿ ಲಿಂಗದ ಮಾತಿರಲಿಲ್ಲ. ಲಿಂಗದ ಕಾರಣಕ್ಕೆ ಮತ ನಿರಾಕರಿಸಬಾರದೆಂಬ 19ನೆಯ ತಿದ್ದುಪಡಿ ಬಂದದ್ದು 1920ರಲ್ಲಿ. ಕಾಗದದ ಮೇಲೆ ಎರಡೂ ಸೇರಿದಾಗ ಕಪ್ಪು ಹೆಣ್ಣಿಗೆ ಪೂರ್ತಿ ಹಕ್ಕು ಬಂದಿರಬೇಕು. ಆದರೆ ದಕ್ಷಿಣದ ರಾಜ್ಯಗಳು ಅಕ್ಷರ ಪರೀಕ್ಷೆ, ಮತದಾನದ ತೆರಿಗೆ, ಬೆದರಿಕೆ ಇವುಗಳಿಂದ ಕಪ್ಪು ಜನರನ್ನು ಮತಗಟ್ಟೆಯಿಂದ ದೂರವಿಟ್ಟವು. ಅಲ್ಲಿನ ಬಹುಪಾಲು ಕಪ್ಪು ಹೆಂಗಸರಿಗೆ 1920 ಬಂದುಹೋದದ್ದು ಲೆಕ್ಕಕ್ಕೆ ಬರಲಿಲ್ಲ; 1965ರ ಮತದಾನ ಹಕ್ಕು ಕಾಯಿದೆಯವರೆಗೆ ಕಾಯಬೇಕಾಯಿತು. ಪಠ್ಯಪುಸ್ತಕದಲ್ಲಿ ಅಮೆರಿಕದ ಹೆಂಗಸರಿಗೆ 1920ರಲ್ಲಿ ಮತ ಸಿಕ್ಕಿತು ಎಂದು ಬರೆದಿದ್ದರೆ, ಯಾವ ಹೆಂಗಸರಿಗೆ ಎಂದು ಕೇಳಬೇಕಾಗುತ್ತದೆ.

ಮೂರನೆಯ ಬರಹದ ಪಾಲಿ ಮರ್ರಿ ಇದನ್ನು ಸ್ವಂತ ಬದುಕಿನಲ್ಲಿ ಕಂಡವರು. 1938ರಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯ ಅವರಿಗೆ ಪ್ರವೇಶ ನಿರಾಕರಿಸಿತು. ಕಾರಣ, ಕಪ್ಪು ಜನಾಂಗ. ಆಮೇಲೆ ಕಪ್ಪು ವಿದ್ಯಾರ್ಥಿಗಳಿಗಾಗಿಯೇ ಹೆಸರಾದ ಹಾವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಓದಿ, 1944ರಲ್ಲಿ ತರಗತಿಗೆ ಮೊದಲಿಗರಾಗಿ ತೇರ್ಗಡೆಯಾದರು. ಉನ್ನತ ವ್ಯಾಸಂಗಕ್ಕೆ ಹಾರ್ವರ್ಡ್ ಕಾನೂನು ಶಾಲೆಗೆ ಅರ್ಜಿ ಹಾಕಿದರೆ ಅಲ್ಲಿಯೂ ನಿರಾಕರಣೆ. ಈ ಬಾರಿ ಕಾರಣ, ಹೆಣ್ಣು. ಒಂದು ಬಾಗಿಲಲ್ಲಿ ಒಂದು ಕಾರಣ, ಇನ್ನೊಂದು ಬಾಗಿಲಲ್ಲಿ ಇನ್ನೊಂದು. ಒಳಗೆ ಹೋಗಲಾರದೆ ನಿಂತವರು ಮಾತ್ರ ಒಬ್ಬರೇ.

ಅಮೆರಿಕದಲ್ಲಿ ಕಪ್ಪು ಜನರನ್ನು ಬೇರ್ಪಡಿಸಿ ಇಡುವ ವ್ಯವಸ್ಥೆಗೆ ಜಿಮ್ ಕ್ರೋ ಎಂದು ಹೆಸರು. ಮರ್ರಿ ಹೆಂಗಸರ ಮೇಲಿನ ತಾರತಮ್ಯಕ್ಕೆ ಜೇನ್ ಕ್ರೋ ಎಂದು ಹೆಸರಿಟ್ಟು, ಎರಡೂ ಒಂದೇ ಮನೆಯ ಕೂಸುಗಳೆಂದು ಕಾನೂನಿನ ಭಾಷೆಯಲ್ಲಿ ವಾದಿಸಿದರು. ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಮಸೂದೆ 1964ರಲ್ಲಿ ಚರ್ಚೆಯಲ್ಲಿದ್ದಾಗ, ಅದರಲ್ಲಿ ಜನಾಂಗದ ಜೊತೆಗೆ ಲಿಂಗ ಎಂಬ ಪದವೂ ಉಳಿಯಬೇಕೆಂದು ಮನವಿ ಬರೆದು ಹಂಚಿದರು. ಆ ಪದ ಬಿಟ್ಟುಹೋದರೆ ಕಪ್ಪು ಜನರಲ್ಲಿ ಅರ್ಧ ಭಾಗಕ್ಕೆ ಕಾಯಿದೆ ತಲುಪುವುದಿಲ್ಲ ಎಂಬುದು ಅವರ ವಾದ. ಪದ ಉಳಿಯಿತು. ಎರಡೂ ಪದಗಳು ಒಂದೇ ವಾಕ್ಯದಲ್ಲಿ ಸೇರಿದವು.

ಕಾರ್ಖಾನೆಯ ಲೆಕ್ಕ

ಇನ್ನು ತೊಡಕು ತೀರಿತು ಎಂದುಕೊಳ್ಳಬಹುದು. ತೀರಲಿಲ್ಲ ಎಂಬುದನ್ನು ತೋರಿಸುವುದೇ ಕ್ರೆನ್‌ಶಾ ಅವರ ಪ್ರಬಂಧ. ಅದರಲ್ಲಿ ಬರುವ ಒಂದು ಮೊಕದ್ದಮೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜನರಲ್ ಮೋಟರ್ಸ್ ಕಂಪನಿಯ ಮೇಲೆ ಐವರು ಕಪ್ಪು ಮಹಿಳೆಯರು ದಾವೆ ಹೂಡಿದರು. ಡಿಗ್ರಾಫೆನ್‌ರೀಡ್ ಪ್ರಕರಣವೆಂದು ಇದಕ್ಕೆ ಹೆಸರು. 1964ಕ್ಕೆ ಮೊದಲು ಕಂಪನಿ ಕಪ್ಪು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ ಎಂಬುದು ವಿಚಾರಣೆಯಲ್ಲಿ ಹೊರಬಂತು. ಮುಂದೆ ತೆಗೆದುಕೊಂಡಿತು. ಆಮೇಲೆ ಆರ್ಥಿಕ ಹಿಂಜರಿತ ಬಂದು ನೌಕರರನ್ನು ಕಡಿಮೆ ಮಾಡಬೇಕಾದಾಗ ಸೇವಾ ಹಿರಿತನವನ್ನು ನೋಡಿತು: ಕೊನೆಗೆ ಸೇರಿದವರು ಮೊದಲು ಹೊರಕ್ಕೆ. ಮೇಲ್ನೋಟಕ್ಕೆ ಇದಕ್ಕಿಂತ ನಿಷ್ಪಕ್ಷಪಾತವಾದ ನಿಯಮವಿಲ್ಲ. ಆದರೆ ಒಂದು ಗುಂಪನ್ನು ಮೊದಲೇ ಸೇರಲು ಬಿಡದಿದ್ದರೆ ಆ ಗುಂಪಿಗೆ ಹಿರಿತನ ಬರುವುದು ಹೇಗೆ? 1970ರ ನಂತರ ಸೇರಿದ್ದ ಕಪ್ಪು ಹೆಂಗಸರೆಲ್ಲ ಕೆಲಸ ಕಳೆದುಕೊಂಡರು.

1976ರಲ್ಲಿ ಜಿಲ್ಲಾ ನ್ಯಾಯಾಲಯ ತೀರ್ಪು ಕೊಟ್ಟಿತು. ಲಿಂಗಭೇದವೇ? ಇಲ್ಲ, ಕಂಪನಿ 1964ಕ್ಕೆ ಮೊದಲೂ ಹೆಂಗಸರನ್ನು ನೇಮಿಸಿಕೊಂಡಿತ್ತು. ಆ ಹೆಂಗಸರು ಬಿಳಿಯರೆಂಬುದು ಲೆಕ್ಕಕ್ಕೆ ಬರಲಿಲ್ಲ. ಜನಾಂಗಭೇದವೇ? ಹಾಗಿದ್ದರೆ ಅದೇ ಕಂಪನಿಯ ಮೇಲೆ ನಡೆಯುತ್ತಿರುವ ಜನಾಂಗಭೇದದ ಬೇರೊಂದು ದಾವೆಯ ಜೊತೆ ಸೇರಿಕೊಳ್ಳಿ ಎಂದಿತು. ಆ ದಾರಿ ಹಿಡಿದರೆ ಕಪ್ಪು ಹೆಂಗಸರಿಗೇ ಆದ ನಷ್ಟದ ಪ್ರಶ್ನೆ ಮತ್ತೆ ಮುಳುಗುತ್ತಿತ್ತು. ಎರಡನ್ನೂ ಸೇರಿಸಿ ಕೇಳುವ ಹಕ್ಕು ಕಾಯಿದೆಯಲ್ಲಿ ಇಲ್ಲವೆಂದು ನ್ಯಾಯಾಲಯ ಹೇಳಿತು. ಪಾಲಿ ಮರ್ರಿ ಹೋರಾಡಿ ಉಳಿಸಿದ ಎರಡು ಪದಗಳನ್ನು ನ್ಯಾಯಾಲಯ ಎರಡು ಬೇರೆ ಪಟ್ಟಿಗಳೆಂದು ಓದಿತು. ಹೆಂಗಸರ ಪಟ್ಟಿಯಲ್ಲಿ ಬಿಳಿಯ ಹೆಂಗಸರು, ಕಪ್ಪು ಜನರ ಪಟ್ಟಿಯಲ್ಲಿ ಕಪ್ಪು ಗಂಡಸರು. ಎರಡರ ನಡುವಿನ ಸಂದಿಯಲ್ಲಿ ಐದು ಹೆಸರುಗಳು ಬಿದ್ದುಹೋದವು.

ನ್ಯಾಯಾಧೀಶರ ಪರವಾಗಿ ಒಂದು ಮಾತು ಹೇಳಬೇಕು. ಹೀಗೆ ಎರಡೆರಡು ಕಾರಣಗಳನ್ನು ಜೋಡಿಸುತ್ತಾ ಹೋದರೆ ಹೊಸ ಹೊಸ ಗುಂಪುಗಳು ಹುಟ್ಟಿಕೊಂಡು ಕೊನೆಯೇ ಇರುವುದಿಲ್ಲ ಎಂಬುದು ಅವರ ಆತಂಕ. ನಮ್ಮ ತರಗತಿಯಲ್ಲೂ ಈ ಮಾತು ಬಂತು. ಇದು ಹಾರಿಸಿಬಿಡುವ ಆಕ್ಷೇಪವಲ್ಲ. ಆದರೆ ಗುಂಪನ್ನು ಕಟ್ಟಿದವರು ಯಾರು ಎಂಬುದನ್ನು ಗಮನಿಸಬೇಕು. ಕೆಲಸಕ್ಕೆ ತೆಗೆದುಕೊಳ್ಳುವಾಗ ಕಪ್ಪು ಹೆಂಗಸರನ್ನು ಪ್ರತ್ಯೇಕ ಗುಂಪಾಗಿ ಕಂಡು ಹೊರಗಿಟ್ಟದ್ದು ಕಾರ್ಖಾನೆ. ಹೊರಗಿಡುವಾಗ ಸ್ಪಷ್ಟವಾಗಿ ಕಂಡ ಗುಂಪು, ಪರಿಹಾರ ಕೇಳುವಾಗ ಕಾಣದೆ ಹೋಗುವುದು ನ್ಯಾಯವಲ್ಲ. 1977ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಕೆಳಗಿನ ತರ್ಕವನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಆದರೆ ಹಿರಿತನದ ಪದ್ಧತಿಗೆ ಕಾನೂನಿನ ರಕ್ಷಣೆ ಇದೆಯೆಂದು ಫಲಿತಾಂಶವನ್ನು ಎತ್ತಿಹಿಡಿಯಿತು. 1980ರಲ್ಲಿ ಬೇರೊಂದು ಪ್ರಕರಣದಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ, ಕಪ್ಪು ಗಂಡಸರಿಗೂ ಬಿಳಿಯ ಹೆಂಗಸರಿಗೂ ಅನ್ಯಾಯ ಆಗದಿದ್ದರೂ ಕಪ್ಪು ಹೆಂಗಸರಿಗೆ ಆಗಿರಬಹುದು ಎಂದು ಒಪ್ಪಿಕೊಂಡಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಕ್ರೆನ್‌ಶಾ ಇದನ್ನು ರಸ್ತೆಗಳು ಕೂಡುವ ಚೌಕಕ್ಕೆ ಹೋಲಿಸುತ್ತಾರೆ. ಚೌಕದ ನಡುವೆ ನಿಂತವಳಿಗೆ ಯಾವ ದಿಕ್ಕಿನ ವಾಹನದಿಂದಲೂ ಪೆಟ್ಟಾಗಬಹುದು, ಎಲ್ಲ ದಿಕ್ಕುಗಳಿಂದ ಒಟ್ಟಿಗೂ ಆಗಬಹುದು. ಯಾವ ರಸ್ತೆಯ ಅಪಘಾತ ಎಂದು ಮೊದಲು ಗೊತ್ತಾಗಲಿ, ಆಮೇಲೆ ಆಸ್ಪತ್ರೆಗೆ ಸೇರಿಸೋಣ ಎಂದು ಕಾಯುತ್ತಾ ಕೂತರೆ ಗಾಯಾಳುವಿನ ಗತಿ ಏನು?

ನಮ್ಮಲ್ಲಿ

ಅಮೆರಿಕದ ಈ ಕಥೆಗೂ ನಮಗೂ ಏನು ಸಂಬಂಧ ಎಂದು ಕೇಳಬಹುದು. ಜನಾಂಗ ಮತ್ತು ಜಾತಿ ಒಂದೇ ಅಲ್ಲ. ಅವುಗಳ ಹುಟ್ಟು ಬೇರೆ, ಅವು ಉಳಿದುಬಂದ ಬಗೆ ಬೇರೆ. ಆದರೂ ಅಲ್ಲಿನ ಅನುಭವದಿಂದ ಇಲ್ಲಿನದನ್ನು ನೋಡುವ ಪರಿಪಾಠ ಹಳೆಯದು. ಜ್ಯೋತಿಬಾ ಫುಲೆ 1873ರಲ್ಲಿ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅರ್ಪಿಸಿದ್ದು ಅಮೆರಿಕದಲ್ಲಿ ಗುಲಾಮಗಿರಿಯನ್ನು ತೊಡೆಯಲು ದುಡಿದ ಸಜ್ಜನರಿಗೆ.

ನಮ್ಮ ಸುಪ್ರೀಂ ಕೋರ್ಟ್ ಕೂಡ ಈ ಚೌಕಕ್ಕೆ ಬಂದು ನಿಂತಿದೆ. 2021ರ ಏಪ್ರಿಲ್‌ನಲ್ಲಿ ಆಂಧ್ರಪ್ರದೇಶದ ಒಂದು ಅತ್ಯಾಚಾರ ಪ್ರಕರಣದಲ್ಲಿ ಅದು ತೀರ್ಪು ಕೊಟ್ಟಿತು. ಪಟಾನ್ ಜಮಾಲ್ ವಲಿ ಪ್ರಕರಣ ಎಂದು ಹೆಸರು. ನೊಂದವಳು ಹೆಣ್ಣು, ಪರಿಶಿಷ್ಟ ಜಾತಿಯವಳು, ಹುಟ್ಟಿನಿಂದ ಕಣ್ಣು ಕಾಣದವಳು. ಈ ಮೂರನ್ನೂ ಬಿಡಿಬಿಡಿಯಾಗಿ ನೋಡಿದರೆ ಆಕೆಗಾದ ಅನ್ಯಾಯ ಅರ್ಥವಾಗದು ಎಂದು ನ್ಯಾಯಾಲಯ ವಿವರವಾಗಿ ಬರೆಯಿತು. ಅತ್ಯಾಚಾರಕ್ಕೆ ಕೊಟ್ಟಿದ್ದ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಆದರೆ ದೌರ್ಜನ್ಯ ತಡೆ ಕಾಯಿದೆಯಡಿಯ ಶಿಕ್ಷೆ ನಿಲ್ಲಲಿಲ್ಲ. ಅಪರಾಧ ನಡೆದಾಗ ಜಾರಿಯಲ್ಲಿದ್ದ ಹಳೆಯ ಪಾಠದ ಪ್ರಕಾರ ಆಕೆ ಪರಿಶಿಷ್ಟ ಜಾತಿಯವಳು ‘ಎಂಬ ಕಾರಣದಿಂದ’ ಅಪರಾಧ ನಡೆಯಿತೆಂದು ತೋರಿಸಬೇಕಿತ್ತು. ಜಾತಿಯೊಂದೇ ಕಾರಣವಾಗಿರಬೇಕಿಲ್ಲ ಎಂದು ನ್ಯಾಯಾಲಯ ಹೇಳಿತಾದರೂ, ಜಾತಿ ಒಂದು ಕಾರಣವಾಗಿತ್ತು ಎನ್ನಲು ಬೇಕಾದ ಸಾಕ್ಷ್ಯವನ್ನು ಸರ್ಕಾರದ ಕಡೆಯವರು ಒದಗಿಸಿರಲಿಲ್ಲ. ಅಷ್ಟರಲ್ಲಿ ಸಂಸತ್ತು 2015ರ ತಿದ್ದುಪಡಿಯಿಂದ ಆ ಪದಗಳನ್ನು ಬದಲಿಸಿತ್ತು. 2016ರಿಂದೀಚೆಗೆ ನೊಂದವಳ ಜಾತಿ ‘ತಿಳಿದಿದ್ದೂ’ ಅಪರಾಧ ಮಾಡಿದ್ದರೆ ಸಾಕು. ಮೊದಲಿನ ಪದಗಳು ಅಪರಾಧಿಯ ಮನಸ್ಸನ್ನು ಬಗೆದು ಕಾರಣಗಳನ್ನು ಬಿಡಿಸಿ ತೋರಿಸು ಎಂದು ನೊಂದವಳನ್ನೇ ಕೇಳುತ್ತಿದ್ದವು. ಹೊಸ ಪದ ಹಾಗೆ ಕೇಳುವುದಿಲ್ಲ.

ನಮ್ಮ ಮಾತಿನಲ್ಲೂ ಇಂಥ ಪಟ್ಟಿಗಳಿವೆ. ‘ಮಹಿಳೆಯರು ಮತ್ತು ದಲಿತರು’ ಎಂದು ವರದಿಗಳಲ್ಲಿ, ಭಾಷಣಗಳಲ್ಲಿ ಸಲೀಸಾಗಿ ಹೇಳಿಬಿಡುತ್ತೇವೆ. ಆ ‘ಮತ್ತು’ವಿನ ಎಡಕ್ಕಿರುವ ಹೆಂಗಸು ಯಾವ ಜಾತಿಯವಳೆಂದು ನಮ್ಮ ಮನಸ್ಸಿನಲ್ಲಿದೆ, ಬಲಕ್ಕಿರುವ ದಲಿತ ಗಂಡೋ ಹೆಣ್ಣೋ ಎಂಬುದನ್ನು ಒಂದು ಗಳಿಗೆ ಯೋಚಿಸಿದರೆ ದಲಿತ ಹೆಣ್ಣು ಎಲ್ಲಿ ನಿಂತಿದ್ದಾಳೆಂದು ತಿಳಿಯುತ್ತದೆ. ಎರಡು ಕಡೆಯೂ ಇರಬೇಕಾದವಳು ಎರಡು ಕಡೆಯೂ ಇಲ್ಲದಂತಾಗುತ್ತಾಳೆ.

ಗೆಳೆಯರೇ, ಈ ಓದಿನಿಂದ ನಾವು ತಕ್ಷಣ ಮಾಡಬಹುದಾದ ಕೆಲಸ ಒಂದಿದೆ. ನಮ್ಮಲ್ಲಿ ಹಲವರು ಈ ವರ್ಷ ಕಿರುಪ್ರಬಂಧಕ್ಕಾಗಿ ಹಳೆಯ ವರದಿ, ಜನಗಣತಿ, ಸಂಬಳದ ಪುಸ್ತಕ, ಹಾಜರಿ ಪಟ್ಟಿಗಳನ್ನು ನೋಡಲಿದ್ದೇವೆ. ಅಲ್ಲಿ ಹೆಂಗಸರು ಇಷ್ಟು, ಇಂಥ ಜಾತಿಯವರು ಇಷ್ಟು ಎಂದು ಎರಡು ಮೊತ್ತಗಳು ಸಿಕ್ಕಾಗ, ಎರಡನ್ನೂ ಬರೆದುಕೊಂಡು ಮುಂದಿನ ಪುಟ ತಿರುವುವ ಮೊದಲು, ಎರಡಕ್ಕೂ ಸೇರಿದವರು ಎಷ್ಟು ಎಂದು ಕೇಳೋಣ. ಅನೇಕ ಕಡತಗಳಲ್ಲಿ ಆ ಅಂಕಿ ಇರುವುದಿಲ್ಲ. ಇಲ್ಲವೆಂಬುದನ್ನೂ ಪ್ರಬಂಧದಲ್ಲಿ ಬರೆಯೋಣ. ಆ ಅಂಕಿ ಇಲ್ಲದಿರುವುದು ಕೂಡ ಇತಿಹಾಸದ ಒಂದು ಸಾಕ್ಷ್ಯವೇ.